ಹಂಚಿ ತಿಂದ ಮಾತ್ರೆ

ಮೂಡಲಪಾಳ್ಯದ ಮುಖ್ಯರಸ್ತೆಯಲ್ಲಿ ಗುರುಬಸಪ್ಪನವರ ಖಾನಾವಳಿ ಇದೆ. ಜೋಳದ ರೊಟ್ಟಿ, ಎಣ್ಣೆಗಾಯಿ, ಕಾಳುಪಲ್ಯ, ಶೇಂಗಾ ಚಟ್ನಿ, ಕೊನೆಗೊಂದು ಲೋಟ ಮಜ್ಜಿಗೆ. ಹಾವೇರಿ ಕಡೆಯಿಂದ ಬಂದು ಎಷ್ಟೋ ವರ್ಷದ ಹಿಂದೆ ಇಲ್ಲಿ ನೆಲೆಸಿದ ಕುಟುಂಬ. ರೊಟ್ಟಿ ಊರಿನದು, ಮಾತು ಮಾತ್ರ ಬೆಂಗಳೂರಿನದಾಗಿಬಿಟ್ಟಿದೆ. ಮಧ್ಯಾಹ್ನ ಹೊರಗೆ ಜನ ಸಾಲು ನಿಂತಿರುತ್ತಾರೆ.

ಒಳಗಿನ ಅಡುಗೆಮನೆಯನ್ನು ಉಣ್ಣುವವರು ನೋಡುವುದಿಲ್ಲ. ನಾಲ್ಕು ಒಲೆ, ಒಂದೇ ಕಿಟಕಿ. ರೊಟ್ಟಿ ತಟ್ಟುವವರಿಗೆ ಬೆವರು, ಪಾತ್ರೆ ತೊಳೆಯುವವರಿಗೆ ಸೊಂಟದವರೆಗೂ ಒದ್ದೆ. ಬೇಸಿಗೆ ಬಂತೆಂದರೆ ಒಬ್ಬರಲ್ಲ ಒಬ್ಬರಿಗೆ ಹುಳುಕಡ್ಡಿ. ತುರಿಸಿಕೊಳ್ಳುವುದಕ್ಕೆ ನಾಚಿಕೆ, ಡಾಕ್ಟರಿಗೆ ತೋರಿಸುವುದಕ್ಕೆ ಇನ್ನೂ ನಾಚಿಕೆ. ಮೆಡಿಕಲ್ ಅಂಗಡಿಯವನ ಮುಂದೆ ಮಾತ್ರ ಯಾರಿಗೂ ನಾಚಿಕೆಯಿಲ್ಲ. ಅವನು ವಾರಕ್ಕೊಂದರಂತೆ ಒಂದು ಮಾತ್ರೆ ಕೊಡುತ್ತಿದ್ದ. ಅಡುಗೆಮನೆಯಲ್ಲಿ ಅದಕ್ಕೆ ‘ತುರಿ ಮಾತ್ರೆ’ ಎಂದೇ ಹೆಸರು. ನಾವು ಹೇಳಹೊರಟಿರುವುದು ತುರಿಕೆಯ ಕಥೆಯಲ್ಲ, ಆಳನ್ನೇ ಸಾಯಿಸುವ ಕಾಯಿಲೆಯ ಕಥೆ. ಆದರೆ ಅದರ ಚಿಕಿತ್ಸೆ ಹಾಳಾದದ್ದು ಈ ಅಡುಗೆಮನೆಯಲ್ಲೇ.

ಗುರುಬಸಪ್ಪನವರಿಗೆ ಹಗಲೆಲ್ಲ ನಿಂತು ನಿಂತು ಮಂಡಿನೋವು. ಯಾರೋ ಹೇಳಿದರೆಂದು ಅಂಗಡಿಯಲ್ಲಿ ಒಂದು ಬಿಳಿ ಮಾತ್ರೆ ತೆಗೆದುಕೊಂಡರು. ನೋವು ಮಾಯವಾಯಿತು. ಡಾಕ್ಟರ ಚೀಟಿಯಿಲ್ಲದೆ ಎರಡು ವರ್ಷ ನುಂಗಿದರು. ಅದು ಸ್ಟೀರಾಯ್ಡ್ ಎಂದು ಅವರಿಗೆ ಗೊತ್ತಿರಲಿಲ್ಲ. ಅದು ನೋವನ್ನು ಅಡಗಿಸುತ್ತಾ ಮೈಯ ಕಾವಲನ್ನೂ ಮಲಗಿಸಿತ್ತು.

ಆಮೇಲೆ ತಲೆನೋವು ಶುರುವಾಯಿತು. ಒಂದು ತಿಂಗಳು ಅಮೃತಾಂಜನ ಹಚ್ಚಿದರು. ಕನ್ನಡಕ ಬದಲಾಯಿಸಿದರು. ದೃಷ್ಟಿಯೂ ತೆಗೆಸಿದ್ದಾಯಿತು. ಕೊನೆಗೆ ವಾಂತಿ, ಜ್ವರ, ಕುತ್ತಿಗೆ ಬಿಗಿತ. ಆಸ್ಪತ್ರೆಯಲ್ಲಿ ಬೆನ್ನಿನ ನೀರು ತೆಗೆದು ನೋಡಿದಾಗ ಮೆದುಳಿನ ಸುತ್ತಲಿನ ಪೊರೆಗೆ ಫಂಗಸ್ ಹತ್ತಿದ್ದು ಗೊತ್ತಾಯಿತು. ಹಳೆಯ ರೊಟ್ಟಿಗೆ ಬೂಷ್ಟು ಹಿಡಿಯುವ ಹಾಗೆ ಎಂದು ಮನೆಯವರು ಅರ್ಥ ಮಾಡಿಕೊಂಡರು. ಈ ಫಂಗಸ್ ಮಣ್ಣಿನಲ್ಲಿ, ಪಾರಿವಾಳದ ಹಿಕ್ಕೆಯಲ್ಲಿ ಇರುತ್ತದೆ. ಉಸಿರಿನ ಜೊತೆ ಎಲ್ಲರ ಒಳಗೂ ಹೋಗುತ್ತದೆ. ಗಟ್ಟಿಯಿರುವ ಮೈಯಲ್ಲಿ ಸುಮ್ಮನಿರುತ್ತದೆ, ಸೋತ ಮೈ ಸಿಕ್ಕರೆ ಮೆದುಳಿಗೇರುತ್ತದೆ.

ಎರಡು ವಾರ ನರಕ್ಕೆ ಡ್ರಿಪ್ ಹಾಕಿದರು. ಅದು ಸುಲಭದ ಔಷಧಿಯಲ್ಲ. ಮೈಯೆಲ್ಲ ನಡುಗುತ್ತಿತ್ತು, ಹೆಂಡತಿ ಬಸವರಾಜೇಶ್ವರಿ ಅವರ ಮೇಲೆ ಎರಡು ಕಂಬಳಿ ಹೊದಿಸಿ ಅದುಮಿ ಹಿಡಿದು ಕೂರಬೇಕಾಗಿತ್ತು. ಅಂತೂ ಗುರುಬಸಪ್ಪ ಬದುಕಿದರು. ಮನೆಗೆ ಕಳಿಸುವಾಗ ಡಾಕ್ಟರು ಫ್ಲುಕೊನಜೋಲ್ ಮಾತ್ರೆ ಕೊಟ್ಟು, "ಒಂದು ವರ್ಷ ತಗೋಬೇಕು. ತಲೆನೋವು ಹೋಯ್ತು ಅಂತ ಬಿಡಬೇಡಿ, ಕಮ್ಮೀನೂ ಮಾಡಬೇಡಿ," ಎಂದರು.

ಗುರುಬಸಪ್ಪ ಗೋಣು ಆಡಿಸಿದರು. ಗೋಣು ಆಡಿಸುವುದಕ್ಕೆ ನಮ್ಮಲ್ಲಿ ಯಾರಿಗೂ ಕಷ್ಟವಿಲ್ಲ.

ಮೂರು ತಿಂಗಳು ಚೆನ್ನಾಗಿಯೇ ನಡೆಯಿತು. ಅವರು ಮತ್ತೆ ಗಲ್ಲೆಯ ಮೇಲೆ ಕೂತರು. ಒಂದು ಮಧ್ಯಾಹ್ನ ಊಟದ ಗದ್ದಲ ಮುಗಿದ ಮೇಲೆ ಮಾತ್ರೆ ತೆಗೆದರು. ಪಕ್ಕದಲ್ಲಿ ನಾಗೇಂದ್ರ ಟೇಬಲ್ ಒರೆಸುತ್ತಿದ್ದ. ಹೆಗ್ಗನಹಳ್ಳಿಯಿಂದ ಬಂದು ಇಲ್ಲಿ ಬಡಿಸುವ ನಲವತ್ತರ ಮನುಷ್ಯ, ಇಬ್ಬರು ಮಕ್ಕಳ ತಂದೆ.

"ಯಜಮಾನ್ರೇ, ಇದು ನಮ್ಮ ತುರಿ ಮಾತ್ರೆ ಅಲ್ವಾ?" ಎಂದ ನಾಗೇಂದ್ರ.

"ಇದು ತಲೇದಪ್ಪಾ. ಮೆದುಳಿನ ಫಂಗಸ್‌ಗೆ ಕೊಟ್ಟಿರೋದು."

"ಹೆಸರು ಅದೇ ಇದೆ ನೋಡಿ. ಮೆಡಿಕಲ್‌ನವನು ನಮಗೆ ಕೊಡೋದೂ ಇದೇ. ನಿಮ್ಮದು ಇನ್ನೂ ಸ್ಟ್ರಾಂಗು."

"ನಿಂಗಿನ್ನೂ ಹೋಗಿಲ್ವೇನೋ ಅದು?"

"ಸೊಂಟ ಪೂರ್ತಿ ಹಬ್ಬಿದೆ ಯಜಮಾನ್ರೇ. ಬಡಿಸ್ತಾ ಇರ್ಬೇಕಾದ್ರೆ ಕೆರ್ಕೊಳ್ಳೋಕೂ ಆಗಲ್ಲ, ಗಿರಾಕಿ ನೋಡ್ತಾರೆ."

ಗುರುಬಸಪ್ಪ ಕತ್ತರಿ ತೆಗೆದು ಸ್ಟ್ರಿಪ್‌ನಿಂದ ನಾಲ್ಕು ಮಾತ್ರೆ ಕತ್ತರಿಸಿ ಅವನ ಕೈಗಿಟ್ಟರು. "ತಗೋ. ನನ್ನ ಹತ್ರ ಚೀಲದ ತುಂಬ ಇದೆ," ಎಂದರು.

ಇದನ್ನು ಅವರು ತಪ್ಪೆಂದುಕೊಳ್ಳಲಿಲ್ಲ. ಹಸಿದವನು ಎದುರಿಗಿರುವಾಗ ಪಾತ್ರೆ ಮುಚ್ಚಿಡಬಾರದು ಎಂದು ಕಲಿತ ಮನೆತನ ಅವರದು. ತನಗೆ ಕಮ್ಮಿ ಮಾಡಿಕೊಂಡು ಇನ್ನೊಬ್ಬರಿಗೆ ಬಡಿಸುವುದು ಅವರಿಗೆ ಅಭ್ಯಾಸ. ಆದರೆ ರೊಟ್ಟಿ ಹಂಚಿದರೆ ಇಬ್ಬರ ಹಸಿವೂ ಅರ್ಧ ಇಳಿಯುತ್ತದೆ, ಮಾತ್ರೆ ಹಂಚಿದರೆ ಇಬ್ಬರ ರೋಗವೂ ಇಳಿಯುವುದಿಲ್ಲ. ಇದನ್ನು ಅವರಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ.

ಸುದ್ದಿ ಅಡುಗೆಮನೆಯಲ್ಲಿ ಹಬ್ಬಿತು. ರೊಟ್ಟಿ ತಟ್ಟುವ ಮುನಿತಾಯಮ್ಮ ತನಗೆ ಎರಡು, ಮಗಳಿಗೆ ಎರಡು ಇಸಕೊಂಡಳು. ಪಾತ್ರೆ ತೊಳೆಯುವವರೂ ಬಂದರು. ಚೀಲ ಬೇಗ ಬರಿದಾಗತೊಡಗಿತು. ಗುರುಬಸಪ್ಪ ದಿನಕ್ಕೆ ಎರಡರ ಬದಲು ಒಂದು ನುಂಗಿದರು. ಆಮೇಲೆ ದಿನ ಬಿಟ್ಟು ದಿನ. ತಲೆನೋವಂತೂ ಇರಲಿಲ್ಲ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎಂದು ಅವರ ಮನಸ್ಸು ಹೇಳಿರಬೇಕು. ಹೆಂಡತಿಗೆ ಹೇಳಲಿಲ್ಲ, ಬೈಯುತ್ತಾಳೆಂದು. ಖಾಲಿ ಸ್ಟ್ರಿಪ್ ಕಸದ ಬುಟ್ಟಿಯಲ್ಲಿ ಕಂಡಾಗಲೆಲ್ಲ ಬಸವರಾಜೇಶ್ವರಿಗೆ ಸಮಾಧಾನ.

ಕಾರ್ತಿಕದಲ್ಲಿ ತಲೆನೋವು ಮರಳಿತು.

ಗುರುಬಸಪ್ಪನವರ ತಮ್ಮ ಬಸವಕುಮಾರ್ ರಾಜಾಜಿನಗರದಲ್ಲಿದ್ದಾರೆ. ಸರ್ಕಾರಿ ಕಚೇರಿಯಲ್ಲಿ ಹೆಡ್ ಕ್ಲರ್ಕ್ ಆಗಿ ನಿವೃತ್ತರಾದವರು. ಅವರಿಗೆ ಗೊತ್ತಿಲ್ಲದ ವಿಷಯ ಭೂಮಿಯ ಮೇಲೆ ಕಡಿಮೆ. ಸುದ್ದಿ ಕೇಳಿ ಅಣ್ಣನನ್ನು ನೋಡಲು ಬಂದರು.

"ಆಸ್ಪತ್ರೆಗೆ ಹೋಗೋಣ ಕಣಪ್ಪಾ," ಎಂದರು ಬಸವರಾಜೇಶ್ವರಿ.

"ಯಾಕತ್ತಿಗೆ? ಕಾಯಿಲೆ ಯಾವ್ದು ಅಂತ ಗೊತ್ತಿದೆ, ಮಾತ್ರೆ ಯಾವ್ದು ಅಂತ ಗೊತ್ತಿದೆ. ಹೋದ್ರೆ ಮತ್ತೆ ಬೆನ್ನಿಗೆ ಸೂಜಿ ಚುಚ್ತಾರೆ. ಇರೋ ಮಾತ್ರೇನೇ ಎರಡರಷ್ಟು ಕೊಡಿ, ಇಳಿಯುತ್ತೆ."

ಗುರುಬಸಪ್ಪ ಬಾಯಿ ಬಿಡಲಿಲ್ಲ. ಮಾತ್ರೆ ಕಮ್ಮಿ ಮಾಡಿದ್ದು ಮನೆಯಲ್ಲಿ ಅವರಿಗೊಬ್ಬರಿಗೇ ಗೊತ್ತು. ಈಗ ಹೆಚ್ಚು ನುಂಗಿ ಸರಿಮಾಡಿಬಿಡೋಣ ಎಂದುಕೊಂಡರು. ಹಾಗೆ ಒಂದು ವಾರ ಕಳೆಯಿತು. ಒಂದು ಬೆಳಿಗ್ಗೆ ಹೆಂಡತಿ ಕೊಟ್ಟ ಚಹಾದ ಲೋಟಕ್ಕೆ ಕೈ ಚಾಚಿದರು. ಕೈ ಲೋಟದ ಪಕ್ಕದ ಗಾಳಿಯನ್ನು ಹಿಡಿಯಿತು.

"ಎರಡೆರಡು ಕಾಣ್ತಿದೆ ಕಣೇ," ಎಂದರು. ಸಂಜೆಯ ಹೊತ್ತಿಗೆ ಹೆಂಡತಿಯ ಹೆಸರು ನೆನಪಾಗಲಿಲ್ಲ.

ಆ ರಾತ್ರಿಯೇ ಅವರನ್ನು ಹೋದ ಸಲದ ಆಸ್ಪತ್ರೆಗೆ ಸೇರಿಸಿದರು. ಅಲ್ಲಿನ ಪ್ರಯೋಗಾಲಯದಲ್ಲಿ ಧನ್ಯಶ್ರೀ ಡಾಕ್ಟರು. ಓದುವ ಕಾಲದಿಂದ ಗುರುಬಸಪ್ಪನವರ ರೊಟ್ಟಿ ತಿಂದವಳು, ಈಗಲೂ ಅಲ್ಲಿಂದಲೇ ಕ್ಯಾರಿಯರ್ ತರಿಸುವವಳು. ವಿಷಯ ತಿಳಿದು ವಾರ್ಡಿಗೆ ಓಡಿ ಬಂದಳು. ಅಲ್ಲಿ ಬಸವಕುಮಾರ್ ಒಪ್ಪಿಗೆಯ ಸಹಿ ಹಾಕಲು ಬಿಡದೆ ಅಡ್ಡ ನಿಂತಿದ್ದರು.

"ನೋಡಮ್ಮಾ, ಫಂಗಸ್ಸು ಅಂತ ಹೋದ ಸಲಾನೇ ಗೊತ್ತಾಗಿದೆ. ಮತ್ತೆ ಬೆನ್ನಿನ ನೀರು ಯಾಕೆ? ಕಾಲು ಬಿದ್ದೋದ್ರೆ ಯಾರು ಹೊಣೆ?"

"ಅಂಕಲ್, ಮೊದಲು ತಲೇಲಿ ಒತ್ತಡ ಎಷ್ಟಿದೆ ನೋಡಿ," ಎಂದಳು ಧನ್ಯಶ್ರೀ. "ಒಳಗೆ ನೀರು ಕಟ್ಕೊಂಡು ಕಣ್ಣಿನ ನರ ಹಿಚುಕ್ತಾ ಇದೆ. ತೆಗೆದಷ್ಟೂ ಒತ್ತಡ ಇಳಿಯುತ್ತೆ. ಸ್ಕ್ಯಾನ್ ನೋಡಿ, ಸರಿಯಾದ ಜಾಗದಲ್ಲಿ ತೆಗೀತಾರೆ. ಸೊಂಟದ ಆ ಜಾಗದಲ್ಲಿ ಬೆನ್ನುಹುರಿ ಇರಲ್ಲ, ಅದು ಮೇಲೇ ಮುಗಿದಿರುತ್ತೆ. ಒಂದೆರಡು ದಿನ ಸೊಂಟ ನೋಯಬಹುದು. ಕಾಲು ಬೀಳೋದು ಅಂದ್ರೆ ಬಹಳ ಬಹಳ ಅಪರೂಪ. ತೆಗೀದೇ ಇದ್ರೆ ಕಣ್ಣು ಹೋಗುತ್ತೆ, ಜೀವಾನೂ ಹೋಗಬಹುದು."

"ಆಯ್ತು, ಒತ್ತಡಕ್ಕೆ ತೆಗೀಲಿ. ಟೆಸ್ಟ್ ಮತ್ತೆ ಯಾಕೆ? ಅದೇ ಫಂಗಸ್ ತಾನೇ?"

"ಅದೇ ಫಂಗಸ್. ಆದ್ರೆ ಅದೇ ಮಾತ್ರೆಗೆ ಈಗಲೂ ಬಗ್ಗುತ್ತಾ? ಅದು ಗೊತ್ತಾಗಬೇಕು." ಅವಳು ಬಸವರಾಜೇಶ್ವರಿಯ ಕಡೆ ತಿರುಗಿದಳು. "ಆಂಟಿ, ನಮ್ಮ ಲ್ಯಾಬಲ್ಲಿ ನಿಮ್ಮ ಪಡ್ಡಿನ ಹಂಚಿನ ಥರದ್ದೇ ಒಂದು ತಟ್ಟೆ ಇದೆ. ಚಿಕ್ಕ ಚಿಕ್ಕ ಗುಳಿ. ಮೊದಲನೇ ಗುಳಿಗೆ ಔಷಧಿ ಒಂದು ಚೂರು, ಮುಂದಿನದಕ್ಕೆ ಅದರ ಎರಡರಷ್ಟು, ಹೀಗೆ ಏರಿಸ್ತಾ ಹೋಗ್ತೀವಿ. ಎಲ್ಲ ಗುಳೀಗೂ ನಿಮ್ಮ ಯಜಮಾನ್ರ ಬೆನ್ನಿನ ನೀರಲ್ಲಿ ಬೆಳೆದ ಫಂಗಸ್ ಹಾಕ್ತೀವಿ. ಯಾವ ಗುಳೀಲಿ ಅದು ಬೆಳೆಯೋದು ನಿಲ್ಲುತ್ತೋ, ಅಷ್ಟು ಔಷಧಿಗೆ ಅದು ಬಗ್ತು ಅಂತ ಲೆಕ್ಕ. ಒಂದೊಂದು ಔಷಧೀಗೂ ಒಂದೊಂದು ಸಾಲು."

"ಅದು ಗೊತ್ತಾದ್ರೆ ಇವ್ರು ಉಳೀತಾರಾ?" ಎಂದು ಬಸವರಾಜೇಶ್ವರಿ ಕೇಳಿದರು.

ಧನ್ಯಶ್ರೀ ಸುಳ್ಳು ಹೇಳಲಿಲ್ಲ. "ಅಷ್ಟರಿಂದಲೇ ಉಳೀತಾರೆ ಅಂತ ಹೇಳೋಕಾಗಲ್ಲ ಆಂಟಿ. ತಟ್ಟೇಲಿ ಬಗ್ಗಿದ್ದು ಮೈಯೊಳಗೆ ಬಗ್ಗದೇ ಇರೋದೂ ಉಂಟು. ಬೇಗ ಬರೋದು, ಒತ್ತಡ ಇಳಿಸೋದು, ಔಷಧಿ ಪೂರ್ತಿ ತಗೊಳೋದು, ಎಲ್ಲ ಸೇರಬೇಕು. ಆದ್ರೆ ಹೋದ ಕಾಯಿಲೆ ಮರಳಿ ಬಂದಾಗ ಈ ಟೆಸ್ಟ್ ಮಾಡದೆ ಹಳೇ ಮಾತ್ರೇನೇ ಕೊಡೋದು ಕತ್ತಲಲ್ಲಿ ಕಲ್ಲು ಹೊಡೆದ ಹಾಗೆ. ಡ್ರಿಪ್ ಈಗಲೇ ಶುರು ಮಾಡ್ತಾರೆ, ರಿಪೋರ್ಟಿಗೆ ಕಾಯಲ್ಲ. ಇದು ನಿಧಾನಕ್ಕೆ ಬೆಳೆಯೋ ಫಂಗಸ್, ರಿಪೋರ್ಟ್ ಬರೋಕೆ ದಿನ ಹಿಡಿಯುತ್ತೆ."

ಬಸವರಾಜೇಶ್ವರಿ ಮೈದುನನ ಕೈಯಿಂದ ಪೆನ್ನು ಕಿತ್ತುಕೊಂಡು ಸಹಿ ಹಾಕಿದರು.

ನಂತರ ವಾರ್ಡಿನ ಡಾಕ್ಟರು ಕೇಳಿದರು: "ಮಾತ್ರೆ ತಪ್ಪಿಸದೆ ತಗೊಂಡಿದ್ದಾರಾ?"

"ಒಂದೂ ತಪ್ಪಿಸಿಲ್ಲ ಸಾರ್. ಖಾಲಿ ಸ್ಟ್ರಿಪ್ ನಾನೇ ಕಣ್ಣಾರೆ ನೋಡ್ತಿದ್ದೆ," ಎಂದರು ಬಸವರಾಜೇಶ್ವರಿ. ಡಾಕ್ಟರು ಹಾಗೆಯೇ ಬರೆದುಕೊಂಡರು.

ಊಟದ ಕ್ಯಾರಿಯರ್ ಹಿಡಿದು ಬಾಗಿಲಲ್ಲಿ ನಿಂತಿದ್ದ ನಾಗೇಂದ್ರ ಇದನ್ನು ಕೇಳಿಸಿಕೊಂಡ. ಕ್ಯಾರಿಯರ್ ಅಲ್ಲೇ ನೆಲದ ಮೇಲಿಟ್ಟು ಹೊರಟುಹೋದ. ಹೋಗಿಯೇಬಿಡುತ್ತಿದ್ದನೇನೋ. ಲಿಫ್ಟಿನ ಹತ್ತಿರ ಧನ್ಯಶ್ರೀ ಸಿಕ್ಕಳು.

"ಮೇಡಂ, ಒಂದು ಮಾತು. ಯಜಮಾನ್ರ ಮಾತ್ರೆ ನಾವು ತಿಂದಿದೀವಿ."

"ನಾವು ಅಂದ್ರೆ?"

"ಅಡುಗೆಮನೆಯೋರೆಲ್ಲ. ತುರಿಗೆ. ನಾನೇ ಮೊದಲು ಕೇಳಿದ್ದು. ಅವ್ರು ತಾವು ತಗೊಳೋದು ಬಿಟ್ಟು ನಮಗೆ ಕೊಟ್ರು." ಅವನು ಗೋಡೆಗೆ ಒರಗಿದ. "ಅಮ್ಮಾವ್ರಿಗೆ ಗೊತ್ತಾದ್ರೆ ಕೆಲಸದಿಂದ ತೆಗೀತಾರೆ ಮೇಡಂ. ಆದ್ರೆ ಡಾಕ್ಟ್ರು ತಪ್ಪು ಬರ್ಕೊಂಡ್ರಲ್ಲ."

"ತೆಗೆದ್ರೆ ತೆಗೀಲಿ. ಬಾ ನನ್ನ ಜೊತೆ," ಎಂದಳು ಧನ್ಯಶ್ರೀ. ಅವಳಿಗೆ ಸಿಟ್ಟು ಬಂದಿತ್ತು. ಯಾರ ಮೇಲೆಂದು ಅವಳಿಗೇ ತಿಳಿಯಲಿಲ್ಲ.

ನಾಗೇಂದ್ರ ಡಾಕ್ಟರ ಎದುರಿಗೆ, ಬಸವರಾಜೇಶ್ವರಿಯ ಎದುರಿಗೆ ಎಲ್ಲ ಹೇಳಿದ. ಆಕೆ ಬೈಯಲಿಲ್ಲ. ಗಂಡನ ಕಡೆ ನೋಡಿದರು. ಗುರುಬಸಪ್ಪನವರಿಗೆ ಪ್ರಜ್ಞೆ ಇರಲಿಲ್ಲ.

"ನಿನ್ನ ತುರಿ ಆದ್ರೂ ಹೋಯ್ತೇನೋ?" ಎಂದು ಕೇಳಿದರು.

"ಇಲ್ಲಮ್ಮಾ," ಎಂದ ನಾಗೇಂದ್ರ.

ಪ್ರಯೋಗಾಲಯದ ಫ್ರೀಜರ್‌ನಲ್ಲಿ ಹೋದ ಸಲ ಗುರುಬಸಪ್ಪನವರ ಬೆನ್ನಿನ ನೀರಿನಿಂದ ಬೆಳೆಸಿದ ಫಂಗಸ್ ಇನ್ನೂ ಇತ್ತು. ಧನ್ಯಶ್ರೀ ಅದನ್ನು ಹೊರತೆಗೆದು, ಹೊಸದರ ಜೊತೆಗೆ ಬೆಳೆಸಿ, ಎರಡನ್ನೂ ಒಂದೇ ಸಲ ಪರೀಕ್ಷೆಗಿಟ್ಟಳು. ಹಳೆಯದು ಫ್ಲುಕೊನಜೋಲ್ ಸಾಲಿನ ಮೂರನೆಯ ಗುಳಿಯಲ್ಲೇ ಸೋತಿತು. ಹೊಸದು ಆರನೆಯ ಗುಳಿಯನ್ನೂ ದಾಟಿ ಬೆಳೆದಿತ್ತು. ತಿಂಗಳುಗಟ್ಟಲೆ ಅರೆಹೊಟ್ಟೆ ಔಷಧಿಯ ನಡುವೆ ಬದುಕಿ ಬದುಕಿ ಅದು ಆ ಔಷಧಿಗೆ ಒಗ್ಗಿಹೋಗಿತ್ತು.

"ಬರೀ ರಿಪೋರ್ಟ್ ಇದ್ದಿದ್ರೆ, ಪೂರ್ತಿ ಮಾತ್ರೆ ತಗೊಂಡ್ರೂ ಹೀಗಾಯ್ತು ಅಂತ ಬೇರೇನೋ ಹುಡುಕ್ತಾ ಕೂರ್ತಿದ್ವಿ," ಎಂದರು ವಾರ್ಡಿನ ಡಾಕ್ಟರು. "ಬರೀ ನಾಗೇಂದ್ರನ ಮಾತಿದ್ದಿದ್ರೆ, ತಪ್ಪಿಸಿದ್ದಕ್ಕೆ ಬಂತು ಅಂತ ಹಳೇ ಮಾತ್ರೇನೇ ಕೊಟ್ಟು ಕಳಿಸ್ತಿದ್ವಿ. ಅದು ಕೇಳ್ತಿರಲಿಲ್ಲ."

ಡ್ರಿಪ್ ಮುಂದುವರಿಸಿದರು. ನಂತರಕ್ಕೆ ಬೇರೊಂದು ಮಾತ್ರೆ ಆರಿಸಿದರು. ಅದಕ್ಕೆ ಈ ಫಂಗಸ್ ಬಗ್ಗುತ್ತದೆಂದು ಅದೇ ತಟ್ಟೆಯ ಇನ್ನೊಂದು ಸಾಲು ತೋರಿಸಿತ್ತು. ಬೆನ್ನಿನ ನೀರನ್ನು ಮತ್ತೆ ಮತ್ತೆ ತೆಗೆದು ಒತ್ತಡ ಇಳಿಸಿದರು. ಬಸವಕುಮಾರ್ ಆಸ್ಪತ್ರೆಯ ಬೆಂಚಿನ ಮೇಲೆ ಬಾಯಿ ಮುಚ್ಚಿ ಕೂತಿರುತ್ತಿದ್ದರು. ಒಂದು ಸಲ ಮಾತ್ರ, "ಆ ಒಂದು ವಾರ ನಾನು ತಡೀದೇ ಇದ್ದಿದ್ರೆ ಅತ್ತಿಗೆ?" ಎಂದು ಕೇಳಿದರು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರಲ್ಲ, ಅಂಥ ಬುದ್ಧಿಗೆ ಯಾರು ಏನು ಹೇಳಲಾದೀತು?

ಪಕ್ಕದ ಹಾಸಿಗೆಯಲ್ಲಿ ಇದೇ ಕಾಯಿಲೆಯ ಒಬ್ಬರಿದ್ದರು, ಕೆಂಗೇರಿ ಕಡೆಯವರು. ಅವರು ಕೊನೆಯ ಹಂತದಲ್ಲಿ ಬಂದಿದ್ದರು. ಅವರ ಫಂಗಸ್ ಎಲ್ಲ ಔಷಧಿಗೂ ಬಗ್ಗುವಂಥದ್ದು ಎಂದು ರಿಪೋರ್ಟ್ ಬಂತು. ಅದು ಬರುವ ಹೊತ್ತಿಗೆ ಹಾಸಿಗೆ ಖಾಲಿಯಾಗಿತ್ತು.

ಗುರುಬಸಪ್ಪ ಉಳಿದರು. ಹೆಂಡತಿಯ ಹೆಸರು ಮರಳಿತು, ಖಾನಾವಳಿಯ ಪಲ್ಯದ ಹೆಸರುಗಳು ಮರಳಿದವು. ಎದ್ದು ಕೂತು ಗಂಜಿ ಕುಡಿದರು. ಕಣ್ಣು ಮಾತ್ರ ಇನ್ನೂ ಕಾಣುತ್ತಿರಲಿಲ್ಲ. ನಾಗೇಂದ್ರ ದಿನವೂ ಬಂದು, "ಯಜಮಾನ್ರಿಗೆ ಕಣ್ಣು ಯಾವಾಗ ಬರುತ್ತಂತಮ್ಮಾ?" ಎಂದು ಕೇಳುತ್ತಿದ್ದ. ಅವನು ಸರಿಯಾಗಿ ಊಟ ಮಾಡುತ್ತಿಲ್ಲ ಎಂದು ಮುನಿತಾಯಮ್ಮ ಹೇಳಿದ್ದಳು. ಬರುತ್ತೆ ಬರುತ್ತೆ ಎಂದು ಬಸವರಾಜೇಶ್ವರಿ ಹೇಳಿ ಕಳಿಸುತ್ತಿದ್ದರು. ಆಕೆಯೂ ಹಾಗೆಯೇ ನಂಬಿದ್ದರು.

ಕೊನೆಯ ಸಲ ತೆಗೆದ ನೀರಿನಲ್ಲಿ ಫಂಗಸ್ ಬೆಳೆಯಲಿಲ್ಲ. ಧನ್ಯಶ್ರೀ ತಾನೇ ಬಂದು ಹೇಳಿದಳು.

"ಸತ್ತಿದೆ ಅಂಕಲ್. ಇನ್ನು ಮಾತ್ರೆ ಬಿಡದೆ ತಗೋಬೇಕು, ಅಷ್ಟೇ."

"ಹಾಗಾದ್ರೆ ಕಣ್ಣು?" ಎಂದರು ಗುರುಬಸಪ್ಪ, ಅವಳು ನಿಂತಿದ್ದ ಜಾಗದ ಸ್ವಲ್ಪ ಆಚೆಗೆ ಮುಖ ಮಾಡಿ.

ಅವಳು ಹಾಸಿಗೆಯ ಮೇಲೆ ಕೂತು ಅವರ ಕೈ ಹಿಡಿದಳು. "ಕಣ್ಣಿನ ನರ ಒಣಗಿದೆ ಅಂಕಲ್. ಕಣ್ಣಿನ ಡಾಕ್ಟ್ರು ನಿನ್ನೆ ಹೇಳಿದ್ರು. ಬರಲ್ಲ."

ಗುರುಬಸಪ್ಪ ಹೆಂಡತಿಯನ್ನು ಕರೆದರು.

"ರಾಜೀ, ಇದನ್ನ ಅಡುಗೆಮನೆಯೋರಿಗೆ ಹೇಳಬೇಡ ಕಣೇ. ನಾಗೇಂದ್ರ ಪೂರ್ತಿ ಊಟ ಬಿಟ್ಬಿಡ್ತಾನೆ."

ಬಸವರಾಜೇಶ್ವರಿ ಸೆರಗಿನಿಂದ ಮುಖ ಒರೆಸಿಕೊಂಡರು. "ಹೇಳ್ತೀನಿ ರೀ," ಎಂದರು. "ನೀವು ನನಗೆ ಹೇಳಲಿಲ್ಲ, ಅವ್ರು ನನಗೆ ಹೇಳಲಿಲ್ಲ. ಹೇಳದೆ ಇದ್ದಿದ್ದಕ್ಕೇ ಇಷ್ಟಾಯ್ತು."

ಮರುದಿನ ಆಕೆ ಎಲ್ಲರನ್ನೂ ಕೂರಿಸಿಕೊಂಡು ಹೇಳಿದರು. ನಾಗೇಂದ್ರ ಅತ್ತ. ಆಮೇಲೆ ಅವನನ್ನೂ ಮುನಿತಾಯಮ್ಮನನ್ನೂ ಚರ್ಮದ ಡಾಕ್ಟರ ಹತ್ತಿರ ಕರೆದುಕೊಂಡು ಹೋದವರು ಬಸವಕುಮಾರ್.

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಕೊಡುಗೈಯವರು ಇದ್ದಾರೆ. ಅವರಿಗೆ ಹೇಳಿ: ಅನ್ನ ಕೊಡಿ, ಬಟ್ಟೆ ಕೊಡಿ, ಮಾತ್ರೆ ಮಾತ್ರ ಕೊಡಬೇಡಿ. ಹೆಸರು ಒಂದೇ ಇದ್ದರೂ ಕಾಯಿಲೆ ಒಂದೇ ಅಲ್ಲ, ಲೆಕ್ಕವೂ ಒಂದೇ ಅಲ್ಲ. ನೋವಿಗೆಂದು ಅಂಗಡಿಯಿಂದ ತಂದ ಮಾತ್ರೆಯನ್ನು ವರ್ಷಗಟ್ಟಲೆ ನುಂಗುತ್ತಿದ್ದರೆ ಡಾಕ್ಟರಿಗೆ ಅದನ್ನು ತೋರಿಸಿ. ಹೆದರಿ ಒಂದೇ ಏಟಿಗೆ ನಿಲ್ಲಿಸಬೇಡಿ, ಅದೂ ಅಪಾಯ. ಎಚ್‌ಐವಿ ಇರುವವರು, ಬೇರೆಯವರ ಕಿಡ್ನಿ ಹಾಕಿಸಿಕೊಂಡವರು, ಸ್ಟೀರಾಯ್ಡ್ ತೆಗೆದುಕೊಳ್ಳುವವರು ಬಿಡದ ತಲೆನೋವನ್ನು ಕನ್ನಡಕದ ತಲೆನೋವು ಎಂದು ತಳ್ಳಿಹಾಕಬೇಡಿ. ಬೆನ್ನಿನ ನೀರು ತೆಗೆಯಬೇಕೆಂದರೆ ಓಡಿಹೋಗಬೇಡಿ. ಹೋದ ಕಾಯಿಲೆ ಮರಳಿ ಬಂದರೆ ಮನೆಯಲ್ಲಿ ಉಳಿದ ಮಾತ್ರೆಗೆ ಕೈ ಹಾಕದೆ ಅಂದೇ ಆಸ್ಪತ್ರೆಗೆ ಹೋಗಿ. "ಈ ಫಂಗಸ್ ಯಾವ ಔಷಧಿಗೆ ಬಗ್ಗುತ್ತೆ ಅಂತ ಟೆಸ್ಟ್ ಮಾಡ್ತೀರಾ?" ಎಂದು ಕೇಳಿ. ಕೇಳುವುದರಲ್ಲಿ ನಾಚಿಕೆಯಿಲ್ಲ.

ಮಾತ್ರೆ ತಪ್ಪಿಸಿದ್ದರೆ, ಹಂಚಿದ್ದರೆ, ಬಿಟ್ಟಿದ್ದರೆ ಡಾಕ್ಟರ ಎದುರು ಒಪ್ಪಿಕೊಳ್ಳಿ. ಅವರು ಬೈದರೆ ಬೈಸಿಕೊಳ್ಳಿ. ಬೈಗುಳ ಸಂಜೆಗೆ ಮರೆತುಹೋಗುತ್ತದೆ. ಗುರುಬಸಪ್ಪ ಇವತ್ತೂ ಗಲ್ಲೆಯ ಮೇಲೆ ಕೂತಿದ್ದಾರೆ. ಬಂದವರ ದನಿ ಕೇಳಿ ಯಾರೆಂದು ಗುರುತು ಹಿಡಿಯುತ್ತಾರೆ. ನೀವು ಹೋದರೆ ನಿಮ್ಮನ್ನೂ ಊಟಕ್ಕೆ ಕರೆಯುತ್ತಾರೆ, ಆದರೆ ನಿಮ್ಮ ಮುಖ ಹೇಗಿದೆಯೆಂದು ಅವರಿಗೆ ಎಂದೂ ತಿಳಿಯುವುದಿಲ್ಲ.